ಹೊಸ ಮಷೀನ್ ತಗೋಬೇಕಾ, ಬ್ಯಾಡಾ? ಸೂಜಿಯ ಇತಿಹಾಸ ಏನ್ ಹೇಳ್ತದ ನೋಡ್ರಿ

📌 1/10

ಕೋಟೆಯ ಸುತ್ತಲಿನ ಗಲ್ಲಿ ಇರಲಿ, ಸುಪರ್ ಮಾರ್ಕೆಟ್ ಇರಲಿ, ಅತ್ತ ಕಮಲಾಪುರ ಇರಲಿ, ಹೊಲಿಗಿ ಮ್ಯಾಲ ನಡೆಯೋ ಮನಿಗಳಾಗ ಈಗ ಒಂದೇ ಚರ್ಚೆ. ಹೊಲಿಗಿನೂ ಹಾಕಿ ಎಂಬ್ರಾಯ್ಡರಿನೂ ಮಾಡೋ ಹೊಸ ಕಂಪ್ಯೂಟರ್ ಮಷೀನ್ ತಗೋಬೇಕಾ? ಇಲ್ಲಾ ಕಾಲಿಲೆ ತುಳಿಯೋ ಹಳೇ ಮಷೀನೇ ಸಾಕಾ?

ರೀಲ್ಸ್‌ನಾಗ ನೋಡಿದ್ರ ಭಾಳ ಹಗುರ. ಬಟನ್ ಒತ್ತಿದ್ರ ಸಾಕು, ನವಿಲು ತಾನೇ ಬಂದು ಬ್ಲೌಸಿನ ಬೆನ್ನ ಮ್ಯಾಲ ಕೂಡ್ತದ. ಆ ನವಿಲಿನ ಹಿಂದ ತಿಂಗಳಾ ತಿಂಗಳಾ ಬರೋ ಕಂತು ಮಾತ್ರ ವಿಡಿಯೋದಾಗ ಕಾಣಂಗಿಲ್ಲ.

ಇದು ಇವತ್ತು ಹುಟ್ಟಿದ ಪ್ರಶ್ನೆ ಅಲ್ಲ. ಸುಮಾರು 180 ವರ್ಷಗಳಿಂದ ದರ್ಜಿಗಳು ಇದನ್ನೇ ಕೇಳಿಕೊಳ್ಳುತ್ತಾ ಬಂದಿದ್ದಾರೆ. ಕೆಲವರು ಮಷೀನ್ ಒಡೆದರು, ಕೆಲವರು ನೋಡಿ ಮೆಚ್ಚಿ ಕೊಳ್ಳದೆ ಹೋದರು, ಕೆಲವರು ಸಾಲ ಮಾಡಿ ಕೊಂಡರು. ಈ ಸರಣಿಯಾಗ ಅವರ ಕತಿ ಹೇಳ್ತೀನಿ. ಕಡೀಕ ನಮ್ಮ ಊರಿನ, ನಮ್ಮ ಮನಿಯ ಲೆಕ್ಕಕ್ಕ ಬರೋಣು. ಹತ್ತು ಪೋಸ್ಟ್ ಅವ. ಸೇವ್ ಮಾಡ್ಕೊಂಡು ನಿಧಾನಕ್ಕ ಓದ್ರಿ.

📌 2/10 ಸೂಜಿ ಒಂದೇ ಇದ್ದ ಕಾಲ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದ್ರ ಸುಮಾರು 35 ಕಿ.ಮೀ.ಗೆ ಕಮಲಾಪುರ. ಹಂಗೇ ಮುಂದ ಹೋಗಿ ಹುಮನಾಬಾದ್ ದಾಟಿದ್ರ ಬಸವಕಲ್ಯಾಣ. 12ನೆಯ ಶತಮಾನದಲ್ಲಿ ಅಲ್ಲಿಯ ಶರಣ ಪರಂಪರೆಯೊಳಗೆ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು. ಹೆಸರಿನಾಗೇ ಉದ್ಯೋಗ ಅದ: ಸೂಜಿ ಹಿಡಿದು ಬಟ್ಟೆ ಹೊಲಿಯೋದು. ಆ ಕೆಲಸಕ್ಕ ಅವರು ಕಾಯಕ ಅಂದರು, ಅದನ್ನೇ ಹೆಸರಿಗೂ ಸೇರಿಸಿಕೊಂಡರು.

ಮುಂದೆ 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು. ಅದರ ಕಮಾನುಗಳ ಕೆಳಗ ಅವತ್ತು ಓಡಾಡಿದವರ ಮೈಮೇಲಿದ್ದ ಹೊಲಿದ ಬಟ್ಟಿ ಎಲ್ಲಾ, ಸುಲ್ತಾನನ ನಿಲುವಂಗಿಯಿಂದ ಹಿಡಿದು ಸಿಪಾಯಿಯ ಅಂಗಿತನಕ, ಕೈಹೊಲಿಗಿನೇ. ಹೊಲಿಗೆ ಮಷೀನ್ ಬರಲಿಕ್ಕೆ ಆಗಿನ್ನೂ ನಾಲ್ಕೂವರೆ ಶತಮಾನ ಬಾಕಿ ಇತ್ತು.

ಆ ಕಾಲದ ಒಂದು ಸಂಗತಿ ನೆನಪಿಡ್ರಿ. ಸೂಜಿ, ಕತ್ತರಿ, ಅಳತೆ ದಾರ, ಇಷ್ಟೇ ದರ್ಜಿಯ ಹತಾರು. ಕಡಿಮೆ ರೊಕ್ಕದ್ದು, ಸ್ವಂತದ್ದು. ಮುರಿದ್ರ ಇನ್ನೊಂದು ಸೂಜಿ. ಸಾಲ ಇಲ್ಲ, ಮೆಕ್ಯಾನಿಕ್ ಇಲ್ಲ. ಇದ್ದ ಮಿತಿ ಒಂದೇ: ದಿನಕ್ಕ ಎಷ್ಟು ತಾಸು ಬೆಳಕು, ಕಣ್ಣಿಗೆ ಎಷ್ಟು ತಾಳಿಕೆ. ಹತಾರಿಗೂ ಬಡ್ಡಿ ಕಟ್ಟೋ ಕಾಲ ಆಮೇಲೆ ಬಂತು.

📌 3/10 ಒಡೆದವರು, ಕೊಳ್ಳದವರು

1830ರಲ್ಲಿ ಫ್ರಾನ್ಸಿನ ಬಾರ್ತೆಲೆಮಿ ಥಿಮೋನಿಯೆ ಹೊಲಿಗೆ ಮಷೀನಿಗೆ ಪೇಟೆಂಟ್ ಪಡೆದ. ಅವನೂ ದರ್ಜಿಯೇ. ಪ್ಯಾರಿಸ್‌ನಲ್ಲಿ ಸುಮಾರು 80 ಮಷೀನ್ ಹಾಕಿ ಸೈನಿಕರ ಸಮವಸ್ತ್ರ ಹೊಲಿಸೋ ಕಾರ್ಖಾನೆ ಶುರುವಾಯ್ತು. 1831ರಲ್ಲಿ ಅದೇ ಊರಿನ ದರ್ಜಿಗಳು ನುಗ್ಗಿ ಮಷೀನ್ ಪುಡಿಪುಡಿ ಮಾಡಿದರು.

ಶಾಲಿ ಪುಸ್ತಕದಾಗ ಇಂಥವರನ್ನ "ಪ್ರಗತಿ ವಿರೋಧಿಗಳು" ಅಂತ ಒಂದು ಮಾತಿನಾಗ ಮುಗಿಸ್ತಾರ. ಅವರ ಜಾಗದಾಗ ನಿಂತು ನೋಡ್ರಿ. 80 ಮಷೀನ್ ಇದ್ದದ್ದು ಕಾರ್ಖಾನೆಯವರ ಕೈಯಾಗ. ದರ್ಜಿಗೆ ಉಳಿದದ್ದು ಖಾಲಿ ಕೈ.

ಅಮೆರಿಕದ ಕತಿ ಬ್ಯಾರೆ. 1845ರಲ್ಲಿ ಬೋಸ್ಟನ್‌ನಲ್ಲಿ ಎಲಿಯಾಸ್ ಹೋ ತನ್ನ ಮಷೀನ್ ತಂದು, ಕೈಹೊಲಿಗೆಯ ಐದು ಮಂದಿ ಹೆಣ್ಣುಮಕ್ಕಳ ಜೋಡಿ ಪೈಪೋಟಿಗೆ ಕೂತ. ಮಷೀನ್ ಗೆದ್ದಿತು. ನಿಮಿಷಕ್ಕೆ ಸುಮಾರು 250 ಹೊಲಿಗೆ! 1846ರಲ್ಲಿ ಪೇಟೆಂಟೂ ಸಿಕ್ಕಿತು. ಮಂದಿ ಚಪ್ಪಾಳೆ ಹೊಡೆದರು, ಮಷೀನ್ ಮಾತ್ರ ಯಾರೂ ಕೊಳ್ಳಲಿಲ್ಲ. ಯಾಕಂದ್ರ ಬೆಲೆ 300 ಡಾಲರ್. ಮಷೀನ್ ಛಲೋ ಅದ ಅನ್ನೋದು ಒಂದು ಮಾತು, ನನಗ ಅದು ಪರವಡಸ್ತದ ಅನ್ನೋದು ಇನ್ನೊಂದು ಮಾತು. ಬೋಸ್ಟನ್‌ನ ದರ್ಜಿಗಳಿಗೆ ಈ ಫರಕು ಅವತ್ತೇ ಗೊತ್ತಿತ್ತು.

📌 4/10 ಕಂತು, ಎಕ್ಸ್‌ಚೇಂಜ್ ಎರಡೂ ಹುಟ್ಟಿದ ವರ್ಷ: 1856

1851ರಲ್ಲಿ ಐಸಾಕ್ ಸಿಂಗರ್ ಪೇಟೆಂಟ್ ಪಡೆದ. ಮಷೀನ್ ಗಟ್ಟಿ ಇತ್ತು, ಕಾಲಿಲೆ ತುಳೀಬಹುದಿತ್ತು, ಎರಡೂ ಕೈ ಬಟ್ಟಿಗೇ ಮೀಸಲು. ಆದ್ರ ಬೆಲೆ ಇನ್ನೂ 100 ಡಾಲರ್ ಮ್ಯಾಲೇ. ಆಗಿನ ಸಾಮಾನ್ಯ ಅಮೆರಿಕನ್ ಮನೆತನದ ವರ್ಷದ ಆದಾಯ ಸುಮಾರು 500 ಡಾಲರ್. ಅಂದ್ರ ಎರಡು ತಿಂಗಳಿಗಿಂತ ಹೆಚ್ಚಿನ ದುಡಿಮೆ ಒಂದು ಮಷೀನಿಗೇ!

ಸಿಂಗರ್‌ನ ಪಾಲುದಾರ ಎಡ್ವರ್ಡ್ ಕ್ಲಾರ್ಕ್ ವಕೀಲ. 1856ರಲ್ಲಿ ಅವನು ಎರಡು ಯುಕ್ತಿ ತೆಗೆದ. ಒಂದು: ಮೊದಲು ಸ್ವಲ್ಪ ರೊಕ್ಕ ಕೊಟ್ಟು ಮಷೀನ್ ಮನಿಗೆ ಒಯ್ರಿ, ಉಳಿದದ್ದು ತಿಂಗಳ ಕಂತಿನಾಗ ಕಟ್ರಿ. ಕಂತು ತಪ್ಪಿದ್ರ ಮಷೀನ್ ವಾಪಸ್. ಎರಡು: ನಿಮ್ಮ ಹಳೇ ಮಷೀನ್ ಯಾವ ಕಂಪನಿದಾದರೂ ತರ್ರಿ, 50 ಡಾಲರ್ ಕಳೆದು ಹೊಸದು ಕೊಡ್ತೀವಿ.

ಇವತ್ತು ಹಬ್ಬದ ಹೊತ್ತಿಗೆ ಅಂಗಡಿ ಮುಂದ ತೂಗುಬಿಡೋ "ಎಕ್ಸ್‌ಚೇಂಜ್ ಮೇಳ" ಬ್ಯಾನರಿಗೆ ಅಜ್ಜ ಯಾರು ಅಂದ್ರ ಈ ಕ್ಲಾರ್ಕ್ ನೋಡ್ರಿ. ಆ ಹಳೇ ಮಷೀನುಗಳನ್ನ ತಗೊಂಡು ಏನ್ ಮಾಡಿದರು? ಮತ್ತೆ ಮಾರಲಿಲ್ಲ, ನಾಶ ಮಾಡಿದರು. ಸೆಕೆಂಡ್ ಹ್ಯಾಂಡ್ ಬಜಾರು ಬೆಳೆದ್ರ ಹೊಸ ಮಷೀನ್ ಯಾರು ತಗೋತಾರ? ಎಕ್ಸ್‌ಚೇಂಜಿನಾಗ ಅಂಗಡಿಯವರ ಲಾಭ ಬರೇ ಹೊಸ ಮಷೀನ್ ಹೋಗೋದ್ರಾಗ ಇಲ್ಲ, ಹಳೇದು ನಿಮ್ಮ ಕೈ ಬಿಡೋದ್ರಾಗೂ ಅದ.

📌 5/10 ನಮ್ಮ ಕಡೆಗೆ ಬಂದ ದಾರಿ

1871ರಲ್ಲಿ ಮುಂಬೈ ಕಡೆಯ ರೈಲು ಹಳಿ ಮತ್ತು ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದವು. ಆ ಹಳಿ ನಮ್ಮ ಕಲಬುರಗಿ ಮ್ಯಾಲೇ ಹಾದದ. ಮುಂಬೈ ಬಂದರಿಗೆ ಬಂದ ಸರಕು ನಿಜಾಮರ ಸೀಮೆಯ ಈ ಊರಿಗೆ ಬರಲಿಕ್ಕ ಈಗ ಚಕ್ಕಡಿ ಬೇಕಿರಲಿಲ್ಲ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಸಿಂಗರ್ ಕಂಪನಿಯ ಭಾರತದ ವ್ಯಾಪಾರ ನೋಡಿಕೊಂಡವರು ಎನ್.ಎಂ. ಪಟೇಲ್ ಎಂಬ ಪಾರ್ಸಿ ವರ್ತಕರು. ಇಲ್ಲಿಯೂ ಕಂತಿನ ಪದ್ಧತಿಯೇ ನಡೆಯಿತು.

ಇಲ್ಲೊಂದು ಮಜಾ ಅದ. ಸೀರೆ, ಧೋತರ, ರುಮಾಲು ಉಡೋ ದೇಶದಾಗ ಹೊಲಿಗಿ ಮಷೀನಿಗೆ ಏನ್ ಕೆಲಸ? ಈ ಉಡುಪುಗಳಿಗೆ ಹೊಲಿಗೆಯೇ ಬ್ಯಾಡ! ಆದ್ರ ಜಂಪರ್, ಅಂಗಿ, ಶೇರವಾನಿ, ಶಾಲಿ ಮಕ್ಕಳ ಡ್ರೆಸ್ ಹೆಚ್ಚಾದಂಗ ಮಷೀನೂ ಬಜಾರಿನ ಕಟ್ಟಿ ಏರಿತು.

1930ರ ದಶಕದಲ್ಲಿ ಕೋಲ್ಕತ್ತದ ಜಯ್ ಎಂಜಿನಿಯರಿಂಗ್ ವರ್ಕ್ಸ್ "ಉಷಾ" ಮಷೀನ್ ತಯಾರಿಸಿತು. ಆಮ್ಯಾಲ ಲೂಧಿಯಾನಾದ ಬಿಡಿಭಾಗಗಳು ಬಂದವು. ಗಲ್ಲಿ ಗಲ್ಲಿಗೂ ಮೆಕ್ಯಾನಿಕ್ ಹುಟ್ಟಿದ್ದು ಆಗ.

ಮಷೀನ್ ಅಂದ್ರ ಅನುಮಾನ ಪಡುತ್ತಿದ್ದ ಗಾಂಧೀಜಿ 1924ರಲ್ಲಿ ಒಂದು ಮಷೀನಿಗೆ ವಿನಾಯಿತಿ ಕೊಟ್ಟರು: ಸಿಂಗರ್ ಹೊಲಿಗೆ ಮಷೀನ್. ಹೆಂಡತಿ ಕೈಯಿಂದ ಹೊಲಿದು ದಣಿಯೋದನ್ನ ನೋಡಲಾರದೆ, ಪ್ರೀತಿಯಿಂದ ಮಾಡಿದ್ದು ಅದು ಅನ್ನೋದು ಅವರ ಕಾರಣ. ಯಾರ ದಣಿವು ಇಳೀತದ ಅನ್ನೋದೇ ಅವರ ಅಳತೆಗೋಲು. ಅದನ್ನ ನಾವೂ ಎರವಲು ತಗೊಳ್ಳೋಣು.

📌 6/10 ಉಳಿದ ತಾಸು ಎಲ್ಲಿ ಹೋಯ್ತು?

1860ರ ಸುಮಾರಿಗೆ ವ್ಹೀಲರ್ ಅಂಡ್ ವಿಲ್ಸನ್ ಎಂಬ ಮಷೀನ್ ಕಂಪನಿ ಒಂದು ಲೆಕ್ಕ ಪ್ರಕಟಿಸಿತು. ಗಂಡಸರ ಒಂದು ಅಂಗಿ ಕೈಯಿಂದ ಹೊಲಿಯಲು 14 ತಾಸು 26 ನಿಮಿಷ. ಮಷೀನಿನಲ್ಲಿ 1 ತಾಸು 16 ನಿಮಿಷ. ಕಂಪನಿಯವರೇ ಹೇಳಿದ ಲೆಕ್ಕ, ಸ್ವಲ್ಪ ಉಪ್ಪುಖಾರ ಇದ್ದೀತು. ಆದರೂ ಫರಕು ಖರೇನೇ ದೊಡ್ಡದು.

ಹಂಗಾದ್ರ ಉಳಿದ 13 ತಾಸು ದರ್ಜಿಗೆ ವಿಶ್ರಾಂತಿ ಆಯ್ತಾ? ಇಲ್ಲ. ಎರಡು ಕಡೆ ಸೋರಿ ಹೋಯ್ತು. ಒಂದು, ಫ್ಯಾಷನ್. ಹೊಲಿಗಿ ಸಸ್ತಾ ಆದದ್ದೇ ತಡ, ಬಟ್ಟಿಗೆ ಮಡಿಕೆ, ಅಂಚು, ಝಾಲರು ಹೆಚ್ಚಾದವು. ಇನ್ನೊಂದು, ದರ. ಗುತ್ತಿಗೆದಾರರು ಅಂಗಿಗೆ ಇಷ್ಟು ಅಂತ ಕೊಡೋ ರೊಕ್ಕ ಇಳಿಸಿದರು. ಅಷ್ಟೇ ಗಳಿಕೆಗೆ ಹೆಚ್ಚು ಅಂಗಿ ಹೊಲಿಯೋದಾಯ್ತು.

ಈಗ ನಮ್ಮ ಬ್ಲೌಸ್ ನೋಡ್ರಿ. ನಮ್ಮ ಅಜ್ಜಿಯರ ಜಂಪರಿಗೆ ತೋಳು, ಕೊರಳು, ಕಾಜಾ-ಗುಂಡಿ ಇದ್ರ ಮುಗೀತು. ಈಗ ಲೈನಿಂಗ್, ಪೈಪಿಂಗ್, ಲಟಕನ್, ಬೆನ್ನಿಗೆ ವರ್ಕ್, ತೋಳಿಗೆ ವರ್ಕ್. ಮಷೀನ್ ವೇಗ ಆಯ್ತು, ಕೆಲಸವೂ ಅದರ ಬೆನ್ನ ಹಿಂದೇ ಓಡಿ ಬಂತು. ಹೊಸ ಮಷೀನ್ ತಾಸು ಉಳಸ್ತದ ಅನ್ನೋದು ಖರೆ. ಆ ತಾಸು ಯಾರ ಕೈಗೆ ಹೋಗ್ತದ ಅನ್ನೋದನ್ನ ಮಷೀನ್ ಹೇಳಂಗಿಲ್ಲ.

📌 7/10 ನವಿಲು ಬಿಡಿಸೋ ಮಷೀನ್

ಎಂಬ್ರಾಯ್ಡರಿ ಮಷೀನೂ ಹೊಸದಲ್ಲ. 1828ರ ಹೊತ್ತಿಗೇ ಫ್ರಾನ್ಸಿನ ಮುಲೂಸ್‌ನಲ್ಲಿ ಜೋಸ್ಯುಏ ಹೈಲ್ಮನ್ ಒಂದು ಮಷೀನ್ ಮಾಡಿದ. ಎರಡೂ ತುದಿ ಚೂಪಾದ, ನಡುವೆ ತೂತಿದ್ದ ಸೂಜಿಗಳು ಸಾಲಾಗಿ ಬಟ್ಟೆಯ ಆಚೆ ಈಚೆ ಹಾದು ಹೋಗ್ತಿದ್ದವು. 1860ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಐಸಾಕ್ ಗ್ರೋಬ್ಲಿ ದೋಣಿ ಆಕಾರದ ಶಟಲ್ ಬಳಸಿದ ದೊಡ್ಡ ಮಷೀನ್ ಕಟ್ಟಿದ. ಇವೆಲ್ಲ ಕಾರ್ಖಾನೆಯ ಮಷೀನು, ಮನಿಯಾಗ ಹಿಡಿಯೂದಿಲ್ಲ.

ಮನೆಗೆ ಕಂಪ್ಯೂಟರ್ ಬಂದದ್ದು ತಡವಾಗಿ. 1975ರಲ್ಲಿ ಸಿಂಗರ್ ಎಲೆಕ್ಟ್ರಾನಿಕ್ ಹೊಲಿಗೆ ಮಷೀನ್ ತಂದಿತು. 1990ರಲ್ಲಿ ಜಪಾನಿನ ಜನೋಮೆ ಕಂಪನಿ ಮೆಮೊರಿ ಕ್ರಾಫ್ಟ್ 8000 ತಂದಾಗ ವೃತ್ತಿಪರ ಮಟ್ಟದ ಎಂಬ್ರಾಯ್ಡರಿ ಮನೆಯ ಮೇಜಿನ ಮೇಲೆ ಬಂತು.

ಕೆಲಸ ಹ್ಯಾಂಗ ನಡೀತದ? ಚಿತ್ರವನ್ನು ಮೊದಲು ಹೊಲಿಗೆಗಳ ಫೈಲಾಗಿ ಬದಲಿಸಬೇಕು, ಅದಕ್ಕ ಡಿಜಿಟೈಸಿಂಗ್ ಅಂತಾರ. ಬಟ್ಟೆಯನ್ನು ಫ್ರೇಮಿಗೆ ಬಿಗಿದು, ಕೆಳಗೆ ದಪ್ಪ ಪೇಪರ್ ಇಡಬೇಕು. ಫ್ರೇಮ್ ಅತ್ತಿತ್ತ ಸರೀತದ, ಸೂಜಿ ನಿಂತಲ್ಲೇ ಇಳೀತದ. 20,000 ಹೊಲಿಗೆಯ ಒಂದು ಡಿಸೈನಿಗೆ ನಿಮಿಷಕ್ಕ 600ರಂತೆ ಹಿಡಿದ್ರ 33 ನಿಮಿಷ. ಆದ್ರ ಒಂದೇ ಸೂಜಿಯ ಮನಿ ಮಷೀನಿನಾಗ ಪ್ರತಿ ಬಣ್ಣಕ್ಕೂ ದಾರ ನೀವೇ ಬದಲಿಸಬೇಕು. ಹಲವು ಸೂಜಿಯ ಅಂಗಡಿ ಮಷೀನ್ ತಾನೇ ಬದಲಿಸ್ತದ. ಇನ್ನೊಂದು: ಎರಡೂ ಕೆಲಸದ ಜೋಡಿ ಮಷೀನ್ ಎಂಬ್ರಾಯ್ಡರಿಗೆ ಕೂತಾಗ ಹೊಲಿಗಿ ಬಂದ್. ಒಂದು ಎತ್ತಿನಿಂದ ಏಕಕಾಲಕ್ಕ ಎರಡು ಹೊಲ ಊಳಲಿಕ್ಕ ಆಗಂಗಿಲ್ಲ.

📌 8/10 ಮಷೀನಿಗೆ ಬಾರದ್ದು

ಧಾರವಾಡ ಸೀಮೆಯ ಕಸೂತಿ ಗೊತ್ತಲ್ಲ? ಗವಂತಿ, ಮುರಗಿ, ನೇಯ್ಗಿ, ಮೆಂತಿ. ಗವಂತಿಯಾಗ ದಾರ ಒಂದು ಸಾಲು ಹೋಗಿ, ಬಿಟ್ಟ ಜಾಗ ತುಂಬುತ್ತಾ ಅದೇ ದಾರಿಯಾಗ ತಿರುಗಿ ಬರ್ತದ. ಗಂಟು ಇಲ್ಲ. ಬಟ್ಟೆಯ ಮುಂದ ಹ್ಯಾಂಗೋ ಹಿಂದೂ ಹಂಗೇ. ಮಷೀನಿನಾಗ ಮ್ಯಾಲಿನ ದಾರ ಒಂದು, ಬಾಬಿನ್ ದಾರ ಒಂದು. ಎರಡೂ ಒಂದಕ್ಕೊಂದು ಸಿಕ್ಕಿಹಾಕಿಕೊಂಡೇ ಹೊಲಿಗಿ ಆಗೋದು. ಚಿತ್ರದ ನಕಲು ಆಗ್ತದ, ಆ ನಡಿಗೆಯ ನಕಲು ಆಗಂಗಿಲ್ಲ.

ಇನ್ನು ಲಂಬಾಣಿ ಕಸೂತಿ. ಕಮಲಾಪುರ ಅಂದ್ರ ಎಲ್ಲರೂ ಜಿಐ ಗುರುತು ಪಡೆದ ಕೆಂಪು ಬಾಳೆ ಅಂತಾರ. ಆದ್ರ ಅದರ ಸುತ್ತ ಎಷ್ಟು ತಾಂಡಾಗಳು ಅವ! ಫೇಟಿಯಾ, ಕಾಂಚಳಿ ಮ್ಯಾಲಿನ ಕನ್ನಡಿ, ಕವಡಿ, ಬಣ್ಣದ ದಾರ, ಅದೆಲ್ಲ ಕೈಕೆಲಸ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನಿಸ್ ದಾಖಲೆ ಆಯ್ತು.

ಕ್ಲಾಸಿನಾಗ ತಾಂಡಾದವರು ಅದೀರಿ. ನಿಮ್ಮ ಅಜ್ಜಿ ಪೆಟಿಗಿಯಾಗಿನ ಫೇಟಿಯಾಕ್ಕ ಯಾವ ಸಾಫ್ಟ್‌ವೇರಿನಾಗೂ ಫೈಲ್ ಸಿಗಂಗಿಲ್ಲ. ಎಂಬ್ರಾಯ್ಡರಿ ಮಷೀನ್ ಗೆಲ್ಲೋದು ಒಂದೇ ತರದ್ದು ನೂರು ಬೇಕಾದಾಗ: ಶಾಲಿ ಲೋಗೋ, ಯೂನಿಫಾರ್ಮ್ ಹೆಸರು, ಒಂದೇ ಡಿಸೈನಿನ ತೋಳು. ಒಂದು ಮಾತ್ರ ಬೇಕಾದಾಗ, ಅದೂ ಕನ್ನಡಿ-ಕವಡಿ ಇದ್ದಾಗ, ಇವತ್ತಿಗೂ ಕೈಯೇ ಮುಂದು. ನಿಮ್ಮ ಗಿರಾಕಿ ಯಾವ ಪೈಕಿ ಅನ್ನೋದು ಮೊದಲು ತಿಳೀಬೇಕು.

📌 9/10 ನಮ್ಮ ಮನಿ ಲೆಕ್ಕ

ಈ ಚರ್ಚೆ ನಮ್ಮ ಮನ್ಯಾಗೂ ನಡದದ. ಅವ್ವ ಬ್ಲೌಸ್ ಹೊಲೀತಾಳ. ವರ್ಕ್ ಬೇಕಂದವರದ್ದು ಎಂಬ್ರಾಯ್ಡರಿ ಅಂಗಡಿಗೆ ಕೊಟ್ಟು ಮಾಡಿಸ್ತಾಳ. ಗಿರಾಕಿ ವರ್ಕಿಗೆ 600 ಕೊಟ್ರ ಅಂಗಡಿಗೆ 400, ಅವ್ವಗ 200. ಮಷೀನ್ ನಮ್ಮದೇ ಇದ್ರ ದಾರ, ಪೇಪರ್, ಕರೆಂಟು ಅಂತ 100 ಹೋಗಿ 500 ಉಳೀತದ. ಅಂದ್ರ ಬ್ಲೌಸಿಗೆ 300 ಹೆಚ್ಚು.

ನೋಡಿದ ಮಷೀನಿನ ಕಂತು ತಿಂಗಳಿಗೆ 4,200. ಭಾಗಿಸಿದ್ರ 14 ಬ್ಲೌಸ್. ವರ್ಷಕ್ಕ 168. ಇಷ್ಟು ಬರೇ ಕಂತಿಗೆ, ಮನಿಗೆ ಒಂದು ರೂಪಾಯಿನೂ ಇಲ್ಲ. ಅವ್ವನ ನೋಟ್‌ಬುಕ್ಕಿನಾಗ ಹೋದ ವರ್ಷ ವರ್ಕಿಗೆ ಹೋದ ಬ್ಲೌಸ್ ಎಣಿಸಿದೆ. ದೀಪಾವಳಿಯಿಂದ ಬಸವ ಜಯಂತಿತನಕ 71, ಉಳಿದ ತಿಂಗಳೆಲ್ಲ ಸೇರಿ 22. ಒಟ್ಟು 93.

ತಂಗಿ ಹೇಳೋದ್ರಾಗೂ ಅರ್ಥ ಅದ: ಮಷೀನ್ ಕಂಡ್ರ ಗಿರಾಕಿ ಹೆಚ್ಚಾಗ್ತಾರ, ಅವ್ವನ ಮೊಣಕಾಲು ತುಳಿದು ತುಳಿದು ಸವದಾವ. ಆದ್ರ ಮೊದಲಿಗೆ ಕಟ್ಟಬೇಕಾದ ರೊಕ್ಕ ಅಂದ್ರ ಗೃಹಲಕ್ಷ್ಮಿಯ 2,000ದಾಗ ಉಳಿಸಿ ಸಂಘದಾಗ ಇಟ್ಟದ್ದು. ತಂಗಿಯ ಕಾಲೇಜ್ ಫೀಗೂ ಅದೇ ರೊಕ್ಕ. ಎರಡು ಕೂಡ ಆಗಂಗಿಲ್ಲ.

ಅವ್ವ ಒಂದೇ ಮಾತು ಅಂದ್ಳು: "ಮಷೀನ್ ಖಾಲಿ ಕೂಡ್ತದವ್ವ, ಕಂತು ಖಾಲಿ ಕೂಡಂಗಿಲ್ಲ."

ಸದ್ಯಕ್ಕ ತೀರ್ಮಾನ ಇದು. ಹಳೇ ಮಷೀನಿಗೆ ಕರೆಂಟ್ ಮೋಟರ್ ಕೂಡಿಸೋದು. ಮೊಣಕಾಲಿಗೆ ಆರಾಮ, ಖರ್ಚು ಹೊಸ ಮಷೀನಿನ ಮುಂದ ಏನೇನೂ ಅಲ್ಲ, ಕರೆಂಟ್ ಹೋದ್ರ ಬೆಲ್ಟ್ ಬದಲಿಸಿ ತುಳೀಬಹುದು. ಫೀ ಮೊದಲು. ಮುಂದಿನ ಒಂದು ಮದುವಿ ಸೀಸನ್ ವರ್ಕ್ ಬ್ಲೌಸಿನ ಎಣಿಕೆ ಬರೆದಿಡೋದು. 168 ದಾಟೋ ಲಕ್ಷಣ ಕಂಡ್ರ ಆಗ ಮಾತಾಡೋಣು.

📌 10/10 ನಿಮ್ಮ ಮನ್ಯಾಗೂ ಇದೇ ಮಾತು ನಡದಿದ್ರ

ನಮ್ಮ ಉತ್ತರ ನಿಮಗ ಹೊಂದಬೇಕಂತ ಇಲ್ಲ. ವರ್ಷಕ್ಕ 300 ಬ್ಲೌಸ್ ವರ್ಕಿಗೆ ಕಳಿಸೋರು, ಶಾಲಿ ಯೂನಿಫಾರ್ಮ್ ಆರ್ಡರ್ ಕೈಯಾಗ ಇದ್ದವರು ಮಷೀನ್ ತಗೊಂಡ್ರ ಅದೇ ಬರೋಬರ್. ತಗೊಳ್ಳೋ ಮೊದಲ ಇಷ್ಟು ಕೇಳ್ಕೊಳ್ರಿ:

🧵 ಕಂತಿನ ರೊಕ್ಕ ದುಡಿಯೋ ಕೆಲಸ ಈಗಾಗಲೇ ಕೈಯಾಗ ಅದನಾ, ಇಲ್ಲಾ ಮಷೀನ್ ಬಂದಮ್ಯಾಲ ಬರ್ತದ ಅನ್ನೋ ಭರವಸೆನಾ? ಪೂರಾ ವರ್ಷದ ಲೆಕ್ಕ ಹಾಕ್ರಿ, ಬರೇ ಸೀಸನ್ನಿಂದಲ್ಲ.

🧵 ಫ್ರೇಮಿನ ಅಳತಿ ಏನು? ಬ್ಲೌಸಿನ ಬೆನ್ನಿನ ಡಿಸೈನ್ ಒಂದೇ ಸಲಕ್ಕ ಕೂಡ್ತದನಾ? ನಿಮ್ಮದೇ ಬಟ್ಟಿ ಒಯ್ದು ಅಂಗಡಿಯಾಗ ಹೊಲಿಸಿ ನೋಡ್ರಿ.

🧵 ಕೆಟ್ರ ಯಾರು ಬರ್ತಾರ? ಕಲಬುರಗಿಯಾಗ ಮೆಕ್ಯಾನಿಕ್ ಅದಾನಾ, ಬೋರ್ಡ್ ಹೋದ್ರ ಹೈದರಾಬಾದಿಗೆ ಒಯ್ಯಬೇಕಾ?

🧵 ಡಿಸೈನ್ ಫೈಲ್ ಯಾರು ಮಾಡ್ತಾರ? ಈ ಕೆಲಸ ನಮ್ಮಂಥ ಕಾಲೇಜ್ ಮಂದಿ ಕಲೀಬಹುದು. ಮಷೀನ್ ಇಲ್ಲದೆಯೂ ಇದರಿಂದ ದುಡೀಬಹುದು.

🧵 ಹಳೇ ಮಷೀನ್ ಎಕ್ಸ್‌ಚೇಂಜಿಗೆ ಹಾಕೋದು ಖರೇನ ಅವಶ್ಯ ಅದನಾ? ಕ್ಲಾರ್ಕ್‌ನ 1856 ನೆನಪಿರಲಿ.

ಸಾಲ ಬೇಕೇ ಬೇಕಂದ್ರ ಮೊದಲು ಪಿಎಂ ವಿಶ್ವಕರ್ಮ ಯೋಜನೆ ವಿಚಾರಿಸ್ರಿ. 2023ರ ಸೆಪ್ಟೆಂಬರ್ 17ರಂದು, ಅಂದ್ರ ನಮ್ಮ ಕಲ್ಯಾಣ ಕರ್ನಾಟಕ ಉತ್ಸವದ ದಿನವೇ, ಶುರುವಾದದ್ದು. 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ತರಬೇತಿಗೆ ದಿನಕ್ಕೆ 500 ರೂ., ಹತಾರಿಗೆ 15,000 ರೂ.ತನಕ ನೆರವು, ಶೇ. 5ರ ಬಡ್ಡಿಗೆ ಮೊದಲ ಹಂತದಲ್ಲಿ 1 ಲಕ್ಷ ರೂ.ತನಕ ಸಾಲ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ.

ಇನ್ನೊಂದು ಕೆಲಸ ನಿಮ್ಮ ಮ್ಯಾಲ. ಮನ್ಯಾಗ ಹಳೇ ಹೊಲಿಗಿ ಮಷೀನ್ ಇದ್ರ ಅದರ ಮೈಮ್ಯಾಲಿನ ನಂಬರ್ ಓದ್ರಿ, ಯಾರು ಯಾವ ರೊಕ್ಕದಾಗ ತಂದ್ರು ಅಂತ ಅಜ್ಜಿಗೆ ಕೇಳ್ರಿ. ವರದಕ್ಷಿಣೆಯಾಗ ಬಂದದ್ದೋ, ಕಂತಿನಾಗ ತಂದದ್ದೋ, ಸರ್ಕಾರದಿಂದ ಸಿಕ್ಕದ್ದೋ? ಫೋಟೊ ಹಾಕಿ ನನಗ ಟ್ಯಾಗ್ ಮಾಡ್ರಿ. ಕೋಟೆಯ ಇತಿಹಾಸ ಬರೆದವರು ಭಾಳ ಮಂದಿ ಅದಾರ. ಕೋಟೆ ನೆರಳಿನಾಗ ಕೂತು ಹೊಲಿದವರ ಇತಿಹಾಸ ಬರೀಬೇಕಂದ್ರ ಅದಕ್ಕ ಈ ಮಷೀನುಗಳೇ ದಾಖಲೆ.

#ಕಲಬುರಗಿ #ಕಮಲಾಪುರ #ಕೋಟೆ #ಹೊಲಿಗಿಮಷೀನ್ #ಲಂಬಾಣಿಕಸೂತಿ #ನಮ್ಮೂರಇತಿಹಾಸ